9 ತಿಂಗಳು ತುಂಬಿದರೂ ಮಗಳು ಅಂಬೆಗಾಲಿಡುತ್ತಿಲ್ಲ, ಆ್ಯಪ್ ಕೆಂಪು ತೋರಿಸುತ್ತಿದೆ. ಏನು ಮಾಡಲಿ?

ಸೊಪ್ಪಿನಮನೆ (ಶಿಡ್ಲಘಟ್ಟ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ. ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ರೇಷ್ಮೆ ಹುಳು ಮನೆಯಲ್ಲಿವೆ. ರಾತ್ರಿ ಕೊನೇ ಸೊಪ್ಪು ಹಾಕಿ ಕೈ ತೊಳೆದುಕೊಂಡು ಬಂದು ಕೂತಿದ್ದೇನೆ. ಹಗಲು ಪುರುಸೊತ್ತು ಸಿಗಲ್ಲ.

ನನ್ನ ಮಗಳಿಗೆ ಮೊನ್ನೆ ಮಂಗಳವಾರ 9 ತಿಂಗಳು ತುಂಬಿತು. ಕೂರಿಸಿದರೆ ಕೂರುತ್ತಾಳೆ. ಮಗುಚಿಕೊಳ್ಳುತ್ತಾಳೆ, ಆದರೆ ಬೋರಲು ಬಿದ್ದ ಎರಡೇ ನಿಮಿಷಕ್ಕೆ ರಾಗ ಶುರು. ಅಂಬೆಗಾಲು ಇಲ್ಲವೇ ಇಲ್ಲ. ಬೆಂಗಳೂರಿನಲ್ಲಿರುವ ನಮ್ಮ ನಾದಿನಿಯ ಮಗ ಇವಳಿಗಿಂತ ಹನ್ನೊಂದೇ ದಿನ ದೊಡ್ಡವನು. ಅವನು ಮನೆಯೆಲ್ಲ ಅಂಬೆಗಾಲಲ್ಲಿ ಓಡಾಡಿ, ಟಿವಿ ಸ್ಟ್ಯಾಂಡ್ ಹಿಡಿದು ನಿಂತುಕೊಳ್ಳುತ್ತಾನೆ. ದಿನಾ ಒಂದು ವಿಡಿಯೊ ಬರುತ್ತೆ. ನಾದಿನಿಯೇ ನನ್ನ ಫೋನಿಗೂ ಮಗುವಿನ ಬೆಳವಣಿಗೆ ನೋಡುವ ಒಂದು ಆ್ಯಪ್ ಹಾಕಿಕೊಟ್ಟಳು. ಹುಟ್ಟಿದ ತಾರೀಖು ಹಾಕಿದರೆ ತಿಂಗಳು ತಿಂಗಳು ಪ್ರಶ್ನೆ ಕೇಳುತ್ತೆ. ಹೌದು, ಇಲ್ಲ ಒತ್ತಬೇಕು. ಈ ತಿಂಗಳು ಮೂರಕ್ಕೆ ‘ಇಲ್ಲ’ ಒತ್ತಿದೆ. ಕೆಂಪು ಬಂತು. ‘ನಿಮ್ಮ ಮಗು ಹಿಂದುಳಿದಿರಬಹುದು’ ಅಂತ.

ನಾನು ಲೆಕ್ಕ ಬರೆಯುವವಳೇ. ನಮ್ಮ ಹುಳುಮನೆ ನೋಟ್‌ಬುಕ್ಕಿನ ಮುಂದಿನ ಹಾಳೆಗಳಲ್ಲಿ ಹುಳ, ಹಿಂದಿನ ಹಾಳೆಗಳಲ್ಲಿ ಮಗಳು. ಹುಳದಲ್ಲಿ ಎಲ್ಲ ದಿನದ ಲೆಕ್ಕ. ಇಂಥ ದಿನ ಜ್ವರಕ್ಕೆ ಕೂರಬೇಕು, ಇಂಥ ದಿನ ಏಳಬೇಕು. ನೂರು ಮೊಟ್ಟೆಯ ಹುಳು ಒಟ್ಟಿಗೆ ಮಲಗಿ ಒಟ್ಟಿಗೆ ಏಳುತ್ತವೆ. ಹಿಂದೆ ಬಿದ್ದಿದ್ದನ್ನು ನಮ್ಮ ಯಜಮಾನರು ಆರಿಸಿ ಆಚೆ ಹಾಕುತ್ತಾರೆ. ಆ ಕೆಂಪು ನೋಡಿದಾಗ ನನಗೆ ಅದೇ ಕಣ್ಮುಂದೆ ಬಂದು ಹೊಟ್ಟೆ ತೊಳಸಿದಂತಾಯಿತು. ಹುಚ್ಚು ಅನ್ನಿಸಬಹುದು ನಿಮಗೆ.

ನೋಟ್‌ಬುಕ್ಕಿನಲ್ಲಿ ಇರುವುದನ್ನು ಹಾಗೇ ಬರೆಯುತ್ತೇನೆ:

ಹುಟ್ಟಿದಾಗ 2.3 ಕೆಜಿ (35 ವಾರಕ್ಕೇ ಹೆರಿಗೆ ಆಯಿತು)
3 ತಿಂಗಳು – 4.6
5 ತಿಂಗಳು – 5.9
6 ತಿಂಗಳು – 6.5
7 ತಿಂಗಳು – 6.9
8 ತಿಂಗಳು – 7.2 (ಪೇಟೆಯ ಕ್ಲಿನಿಕ್, ನೆಗಡಿಗೆ ಹೋದಾಗ)
9 ತಿಂಗಳು – 7.0 (ಅಂಗನವಾಡಿ)

ಎರಡು ತಿಂಗಳಿಗೆ ನಕ್ಕಳು. ಕುತ್ತಿಗೆ ನಿಂತದ್ದು ನಾಲ್ಕೂವರೆಗೆ. ಮಗುಚಿದ್ದು ಆರಕ್ಕೆ, ಅವತ್ತು ನಮ್ಮತ್ತೆ ಕಡುಬು ಮಾಡಿ ಬೀದಿಗೆಲ್ಲ ಹಂಚಿದರು. ಕೂತಿದ್ದು ಎಂಟೂಕಾಲಿಗೆ.

ತೂಕದ ಚಿಂತೆ ನನಗಿಲ್ಲ, ತಾಯಿ ಕಾರ್ಡಿನ ತೂಕದ ಚಾರ್ಟಿನಲ್ಲಿ ಹಸಿರಲ್ಲೇ ಇದೆ. ಅಂಬೆಗಾಲಿನದ್ದೇ ಚಿಂತೆ. ಅತ್ತೆಯ ತಮ್ಮ ಚಿಂತಾಮಣಿಯಿಂದ ಒಂದು ವಾಕರ್ ತಂದಿಟ್ಟಿದ್ದಾರೆ. ಕೂರಿಸಲಾ? ಇಲ್ಲ ದೊಡ್ಡಾಸ್ಪತ್ರೆಗೆ ಹೋಗಬೇಕಾ? ಮನೆಯಲ್ಲಿ ಕೇಳಿದರೆ ‘ಸುಮ್ನೆ ಇರು, ಅವರಪ್ಪನೂ ನಿಧಾನವೇ’ ಅನ್ನುತ್ತಾರೆ.

ಬಂಗಾರಪೇಟೆ ಪ್ಯಾಸೆಂಜರ್

ಏನೂ ಯೋಚನೆ ಮಾಡಬೇಡಿ ಮೇಡಂ. ನನ್ನ ಮಗ ಹತ್ತು ತಿಂಗಳಿಗೇ ನಡೆದ. ವಾಕರ್‌ಗೆ ಹಾಕಿದ್ದೆವು, ಒಂದೇ ವಾರದಲ್ಲಿ ಮನೆಯೆಲ್ಲ ಓಡಾಟ. ಇವಳಿಗೂ ಹಾಕಿ. ಅಂಬೆಗಾಲು ಬಿಟ್ಟು ನೇರ ನಡೆದೇ ಬಿಡುತ್ತಾಳೆ.

ಶೆಟ್ಟಿಹಳ್ಳಿ ಗೇಟ್ (ತುಮಕೂರು)

ಮೇಲಿನ ಅಣ್ಣನವರ ಮಾತು ದಯವಿಟ್ಟು ಕೇಳಬೇಡಿ. ಅವರ ಮಗ ನಡೆದದ್ದು ವಾಕರ್ ಇದ್ದರೂ, ವಾಕರ್‌ನಿಂದ ಅಲ್ಲ. ಅದರಲ್ಲಿ ಕೂತ ಮಗು ಕಾಲ್ಬೆರಳ ತುದಿಯಲ್ಲಿ ನೆಲ ತಳ್ಳಿಕೊಂಡು ಹೋಗುತ್ತೆ. ಸೊಂಟಕ್ಕೆ, ಬೆನ್ನಿಗೆ ಕೆಲಸವೇ ಇಲ್ಲ. ಎದ್ದು ನಿಲ್ಲುವುದನ್ನು, ಬಿದ್ದು ಏಳುವುದನ್ನು ಕಲಿಯೋದು ತಡವೇ ಆಗುತ್ತೆ. ಅಪಾಯ ಬೇರೆ. ಮುದ್ದೆಗೆ ಎಸರಿಟ್ಟಿರುವ ಒಲೆ ಹತ್ತಿರಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿರುತ್ತೆ. ಕೆನಡಾದಲ್ಲಿ 2004ರಿಂದ ಇದರ ಮಾರಾಟವೇ ನಿಷೇಧ. ಅಟ್ಟಕ್ಕೆ ಹಾಕಿ. ತಂದುಕೊಟ್ಟವರು ಕೇಳಿದರೆ ಚಕ್ರ ಮುರಿಯಿತು ಅನ್ನಿ.

ಈಗ ಮುಖ್ಯ ವಿಷಯ. ನಿಮ್ಮ ಮಗಳಿಗೆ ಒಂಬತ್ತು ತಿಂಗಳಲ್ಲ!

ನೀವು ಕಂಸದಲ್ಲಿ 35 ವಾರ ಅಂತ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. 40 ವಾರಕ್ಕೆ ಹುಟ್ಟಬೇಕಿದ್ದವಳು ಐದು ವಾರ ಮುಂಚೆ ಬಂದಿದ್ದಾಳೆ. ಕಲಿಕೆ ನೋಡುವಾಗ ಆ ಐದು ವಾರ ಕಳೆಯಬೇಕು. ಕಳೆದರೆ ಅವಳಿಗೆ ಎಂಟು ತಿಂಗಳಿಗೆ ಇನ್ನೂ ಕೆಲವು ದಿನ ಬಾಕಿ. ಇದನ್ನು ಸರಿಪಡಿಸಿದ ವಯಸ್ಸು ಅಂತಾರೆ. ಎರಡು ವರ್ಷದವರೆಗೆ ಹೀಗೇ ನೋಡಬೇಕು. ಲಸಿಕೆಗೆ ಮಾತ್ರ ಹುಟ್ಟಿದ ತಾರೀಖೇ ಲೆಕ್ಕ, ಅದರಲ್ಲಿ ಕಳೆಯಬೇಡಿ. ಆ್ಯಪ್‌ನಲ್ಲಿ ಹೆರಿಗೆಗೆ ಕೊಟ್ಟಿದ್ದ ತಾರೀಖು ಹಾಕಿ ನೋಡಿ.

ಇಷ್ಟು ಗಟ್ಟಿಯಾಗಿ ಹೇಳುತ್ತಿರುವುದು ಯಾಕೆಂದರೆ ನನ್ನ ಮಗ 32 ವಾರಕ್ಕೆ ಹುಟ್ಟಿದವನು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, ಆದರೂ ಮೊದಲ ಆರು ತಿಂಗಳು ಈ ಎಂಟು ವಾರ ಕಳೆಯೋದು ನನಗೇ ಹೊಳೆಯಲಿಲ್ಲ. ಪಕ್ಕದ ಮನೆ ಮಗುವಿನ ಜೊತೆ ಹೋಲಿಸಿ ಹೋಲಿಸಿ ಹಾಲು ಬತ್ತುವಷ್ಟು ಅತ್ತಿದ್ದೇನೆ.

ಅಂಬೆಗಾಲಿನ ಬಗ್ಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯವರು ಭಾರತವೂ ಸೇರಿ ಐದು ದೇಶದ ಆರೋಗ್ಯವಂತ ಮಕ್ಕಳನ್ನು ತಿಂಗಳು ತಿಂಗಳು ನೋಡಿ 2006ರಲ್ಲಿ ಒಂದು ಲೆಕ್ಕ ಕೊಟ್ಟರು. ನಮ್ಮ ದೇಶದ ಮಕ್ಕಳು ದೆಹಲಿಯವರು. ಅದರ ಪ್ರಕಾರ ಆಸರೆ ಇಲ್ಲದೆ ಕೂರುವುದು 3.8ರಿಂದ 9.2 ತಿಂಗಳೊಳಗೆ ಯಾವಾಗ ಬೇಕಾದರೂ ಆಗಬಹುದು. ಅಂಬೆಗಾಲು 5.2ರಿಂದ 13.5. ಒಬ್ಬರೇ ನಡೆಯೋದು 8.2ರಿಂದ 17.6. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲು ಇಡಲೇ ಇಲ್ಲ, ನೇರ ಎದ್ದು ನಡೆದರು. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯವರಂತೂ 2022ರಲ್ಲಿ ಮಕ್ಕಳ ಬೆಳವಣಿಗೆ ನೋಡುವ ತಮ್ಮ ಪಟ್ಟಿಯಿಂದ ಅಂಬೆಗಾಲನ್ನೇ ತೆಗೆದುಬಿಟ್ಟರು. ನಿಮ್ಮ ನಾದಿನಿಯ ಮಗನೂ ನಿಮ್ಮ ಮಗಳೂ ಇಬ್ಬರೂ ಈ ಗೆರೆಯ ಒಳಗೇ ಇದ್ದಾರೆ.

ಹಾಗಂತ ‘ಅವರಪ್ಪನೂ ನಿಧಾನವೇ’ ಅಂತ ಕೂರೋದೂ ಬೇಡ. ಇವನ್ನು ನೋಡಿ: ಹೆಸರು ಕರೆದರೆ, ಪಾತ್ರೆ ಬಿದ್ದರೆ ತಿರುಗುತ್ತಾಳಾ? ಬಾಬಾ, ದದ ಅಂತ ಏನಾದರೂ ಗುನುಗುತ್ತಾಳಾ? ಒಂದು ಕೈಯಿಂದ ಇನ್ನೊಂದು ಕೈಗೆ ಸಾಮಾನು ದಾಟಿಸುತ್ತಾಳಾ? ಎರಡೂ ಕೈ ಬಳಸುತ್ತಾಳಾ, ಇಲ್ಲ ಯಾವಾಗಲೂ ಒಂದೇನಾ? ಈ ವಯಸ್ಸಿಗೆ ಒಂದೇ ಕೈ ಅಂದರೆ ತೋರಿಸಬೇಕು. ಎತ್ತಿಕೊಂಡಾಗ ಕಾಲು ಕತ್ತರಿ ಹಾಕಿಕೊಂಡು ಬಿರುಸಾಗುತ್ತಾ? ಎಲ್ಲಕ್ಕಿಂತ ಮುಖ್ಯ, ಮೊದಲು ಮಾಡುತ್ತಿದ್ದ ಯಾವುದನ್ನಾದರೂ ಈಗ ಬಿಟ್ಟಿದ್ದಾಳಾ? ಇದರಲ್ಲಿ ಯಾವುದೇ ಅನುಮಾನ ಇದ್ದರೂ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಅಂತ, ಮಕ್ಕಳ ಬೆಳವಣಿಗೆಯ ತೊಂದರೆ ಬೇಗ ಗುರುತಿಸಿ ನೋಡಿಕೊಳ್ಳುವ ಒಂದು ಘಟಕ ಇರುತ್ತೆ, ಅಲ್ಲಿಗೆ ಹೋಗಿ. ನಾವು ವರ್ಷಪೂರ್ತಿ ಹೋಗಿದ್ದೇವೆ. ಕಿವಿ, ಕಣ್ಣು, ಫಿಸಿಯೊ ಎಲ್ಲ ಒಂದೇ ಕಡೆ. ನನ್ನ ಮಗ ಹದಿನೇಳು ತಿಂಗಳಿಗೆ ನಡೆದ. ಈಗ ಎರಡನೇ ಕ್ಲಾಸು, ಹಿಡಿಯೋಕಾಗಲ್ಲ.

ಸೊಪ್ಪಿನಮನೆ

ಮೇಡಂ, ಓದಿ ಅತ್ತುಬಿಟ್ಟೆ. ಐದು ವಾರ ಕಳೆಯಬೇಕು ಅಂತ ಯಾರೂ ಹೇಳಿರಲಿಲ್ಲ. ನೀವು ಕೇಳಿದ್ದೆಲ್ಲ ಇವತ್ತು ಪರೀಕ್ಷೆ ಮಾಡಿದೆ. ಚಮಚ ಬೀಳಿಸಿದರೆ ತಿರುಗುತ್ತಾಳೆ, ಬಿದ್ದ ಚಮಚವನ್ನು ಬಗ್ಗಿ ಹುಡುಕುತ್ತಾಳೆ. ಎರಡೂ ಕೈ ಬಳಸುತ್ತಾಳೆ. ‘ತತ್ತತ್ತ’ ಅಂತಾಳೆ, ನಮ್ಮ ಮಾವ ಅದು ತನ್ನನ್ನೇ ತಾತಾ ಅಂತ ಕರೆದದ್ದು ಅಂತ ಊರೆಲ್ಲ ಸಾರಿದ್ದಾರೆ. ಗೂಡು ಕೊಳ್ಳಲು ಬಂದವರನ್ನು ಕಂಡರೆ ಕಿರುಚಿ ನನ್ನ ಕುತ್ತಿಗೆ ತಬ್ಬಿಕೊಳ್ಳುತ್ತಾಳೆ. ಆ್ಯಪ್‌ನಲ್ಲಿ ತಾರೀಖು ಬದಲಾಯಿಸಿದೆ. ಕೆಂಪು ಹೋಗಿ ಹಸಿರಾಯಿತು. ನಿದ್ದೆ ಬರುತ್ತೆ ಇವತ್ತು.

ಅಂಗನವಾಡಿ ಟೀಚರ್ (ಶಿರಾ ಕಡೆ)

ನಿದ್ದೆ ಮಾಡಮ್ಮ, ಬೇಡ ಅನ್ನಲ್ಲ. ಆದರೆ ಬೆಳಿಗ್ಗೆ ಎದ್ದ ಮೇಲೆ ಇದನ್ನು ಓದು.

22 ವರ್ಷದಿಂದ ಮಕ್ಕಳನ್ನು ತೂಗುತ್ತಿದ್ದೇನೆ. ನನ್ನ ಕಣ್ಣು ಹೋಗಿದ್ದು ಅಂಬೆಗಾಲಿಗಲ್ಲ, ನೀನು ‘ಚಿಂತೆ ಇಲ್ಲ’ ಅಂತ ಬರೆದೆಯಲ್ಲ, ಅಲ್ಲಿಗೆ.

ನಿನ್ನ ಅಂಕಿಗಳನ್ನು ಬೆರಳಿಟ್ಟು ಓದು. ಐದರಿಂದ ಆರಕ್ಕೆ 600 ಗ್ರಾಂ. ಆರರಿಂದ ಏಳಕ್ಕೆ 400. ಅಲ್ಲಿಂದ ಎರಡು ತಿಂಗಳಿಗೆ ಬರೀ 100 ಗ್ರಾಂ. ನಡುವೆ ಇರುವ 7.2 ಲೆಕ್ಕಕ್ಕಿಲ್ಲ. ನೆಗಡಿಗೆ ಹೋಗಿದ್ದೆ ಅಂದರೆ ಸ್ವೆಟರ್ ಇತ್ತು, ಟೋಪಿ ಇತ್ತು, ಡೈಪರ್ ತುಂಬಿತ್ತು. ಹೌದೋ ಅಲ್ಲವೋ? ಆ ತೂಕದಿಂದ ನಿನಗೆ ಮೋಸ ಆಗಿದೆ. ತೂಕ ಯಾವಾಗಲೂ ಒಂದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ, ಮುಳ್ಳು ಸೊನ್ನೆಗೆ ನಿಂತಿದೆಯಾ ನೋಡಿ ಆಮೇಲೆ ಹಾಕಬೇಕು. ಕಾಲಲ್ಲಿ ಬೆಳ್ಳಿ ಗೆಜ್ಜೆ ಇದ್ದರೆ ಅದನ್ನೂ ಬಿಚ್ಚು. ನಮ್ಮ ಕಡೆ ಕೆಲವು ಮಕ್ಕಳ ಗೆಜ್ಜೆಯೇ ನೂರು ಗ್ರಾಂ ತೂಗುತ್ತೆ!

ಈ ವಯಸ್ಸಿನ ಹೆಣ್ಣುಮಗು ತಿಂಗಳಿಗೆ ಸುಮಾರು 300 ಗ್ರಾಂ ಏರಬೇಕು. ಹಸಿರಲ್ಲಿ ಇದೆ ಅಂದೆ. ಇದೆ. ಆದರೆ ಹಸಿರು ಅನ್ನೋದು ಅಗಲವಾದ ಹೊಲ. ಮೇಲಿನ ಬದುವಿನಿಂದ ಕೆಳಗಿನ ಬದುವಿಗೆ ಬರುವವರೆಗೂ ಹಸಿರೇ ಕಾಣುತ್ತೆ. ನೋಡಬೇಕಾದ್ದು ಬಣ್ಣವನ್ನಲ್ಲ. ಚುಕ್ಕಿ ಚುಕ್ಕಿ ಸೇರಿಸಿ ಗೆರೆ ಎಳೆ. ಗೆರೆ ಮೇಲಕ್ಕೆ ಹೋಗುತ್ತಿದೆಯಾ, ಅಡ್ಡ ಮಲಗಿದೆಯಾ ಅಂತ ನೋಡು. ನಿನ್ನ ಮಗಳ ಗೆರೆ ಏಳನೇ ತಿಂಗಳಿಂದ ಈಚೆಗೆ ಮಲಗಿದೆ. ಐದು ವಾರ ಕಳೆದರೂ ಅದು ಎದ್ದು ನಿಲ್ಲಲ್ಲ. ಕಳೆಯೋದರಿಂದ ಗೆರೆ ಪಕ್ಕಕ್ಕೆ ಸರಿಯುತ್ತೆ ಅಷ್ಟೇ.

ಹೆದರಿಸುತ್ತಿಲ್ಲ. ಏಳನೇ ತಿಂಗಳಲ್ಲಿ ಇದು ನಾನು ಜಾಸ್ತಿ ನೋಡುವ ಕಥೆ. ಎದೆಹಾಲಿನ ಜೊತೆ ಊಟ ಶುರುವಾಗಿರುತ್ತೆ, ಆದರೆ ಊಟ ಊಟವಾಗಿರಲ್ಲ. ಮೂರು ಪ್ರಶ್ನೆ ಕೇಳ್ತೀನಿ, ನಾಚಿಕೆ ಪಡದೆ ಹೇಳು. ಏನು ತಿನ್ನಿಸುತ್ತೀರಿ? ಎಷ್ಟು ಗಟ್ಟಿ? ಯಾರು ತಿನ್ನಿಸುತ್ತಾರೆ?

ಇನ್ನೊಂದು. ಅವಳು ಹಗಲೆಲ್ಲ ಎಲ್ಲಿರುತ್ತಾಳೆ? ನೆಲದ ಮೇಲೋ, ಜೋಲಿಯಲ್ಲೋ?

ಬಂಗಾರಪೇಟೆ ಪ್ಯಾಸೆಂಜರ್

ವಾಕರ್ ವಿಷಯ ತಪ್ಪು ಹೇಳಿದೆ ಅನ್ನಿಸುತ್ತೆ, ಕ್ಷಮಿಸಿ. ನಮ್ಮದನ್ನು ತಂಗಿ ಮಗುವಿಗೆ ಕೊಟ್ಟಿದ್ದೆ. ಫೋನ್ ಮಾಡಿ ಹೇಳುತ್ತೇನೆ.

ಸೊಪ್ಪಿನಮನೆ

ಟೀಚರ್, ಎರಡು ದಿನ ಬರೆಯೋಕಾಗಲಿಲ್ಲ. ಹುಳು ಹಣ್ಣಾಗಿದ್ದವು, ಗೂಡು ಕಟ್ಟಲು ಚಂದ್ರಿಕೆಗೆ (ಬಿದಿರಿನ ತಟ್ಟೆಗೆ) ಬಿಡುವ ಗಡಿಬಿಡಿ.

ನಿಮ್ಮ ಪ್ರಶ್ನೆಗೆ ನಾನು ಉತ್ತರ ಬರೆಯೋಕೆ ಹೋದಾಗಲೇ ಗೊತ್ತಾಗಿದ್ದು, ನನಗೆ ಉತ್ತರವೇ ಗೊತ್ತಿಲ್ಲ ಅಂತ. ಏಳು ತಿಂಗಳಾದ ಮೇಲೆ ನಾನು ಮತ್ತೆ ಹುಳುಮನೆಗೆ ಇಳಿದೆ. ಅಲ್ಲಿಂದ ಹಗಲು ಊಟ ಅತ್ತೆಯದ್ದು. ದಿನಕ್ಕೆ ನಾಲ್ಕು ಸಲ ರಾಗಿ ಸರಿ ಕುಡಿಯುತ್ತಾಳೆ ಅಂತ ಅವರು ಹೇಳುತ್ತಿದ್ದರು, ನಾನು ನೋಟ್‌ಬುಕ್ಕಿನಲ್ಲಿ ‘ಸರಿ – 4’ ಅಂತ ಬರೆಯುತ್ತಿದ್ದೆ. ಕುಡಿಯುತ್ತಾಳೆ ಅನ್ನುವ ಮಾತು ನನ್ನ ಕಿವಿಗೇ ಬಿದ್ದಿರಲಿಲ್ಲ.

ನಿನ್ನೆ ಒಲೆ ಹತ್ತಿರ ನಿಂತು ನೋಡಿದೆ. ದೊಡ್ಡ ಲೋಟ ನೀರಿಗೆ ಒಂದು ಚಮಚ ರಾಗಿ ಹಿಟ್ಟು. ಕುದಿಸಿ, ಪಂಚೆ ಬಟ್ಟೆಯಲ್ಲಿ ಸೋಸಿ, ಹಾಲಿನ ಬಾಟಲಿಗೆ ತುಂಬಿದರು. ನಿಪ್ಪಲ್ಲಿನ ತೂತು ಸಾಲದು ಅಂತ ಸೂಜಿ ಕಾಯಿಸಿ ದೊಡ್ಡದು ಮಾಡಿದ್ದಾರೆ. ಬಣ್ಣ ನೋಡಿದರೆ ಕೆಮ್ಮಣ್ಣು ಕದಡಿದ ನೀರಿನ ಹಾಗಿದೆ. ಅತ್ತೆ ಕೆಟ್ಟವರಲ್ಲ ಟೀಚರ್. ಅವರ ಮೊದಲ ಮಗುವಿಗೆ ಅನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತಂತೆ, ಆ ಭಯ ಇನ್ನೂ ಹೋಗಿಲ್ಲ. ಈ ಮಾತು ಮದುವೆಯಾಗಿ ಐದು ವರ್ಷದಲ್ಲಿ ಮೊದಲ ಸಲ ನಿನ್ನೆ ಹೇಳಿದರು.

ಇನ್ನು ನೆಲ. ನೆಲಕ್ಕೆ ಬಿಡುವುದೇ ಇಲ್ಲ. ಹುಳುಮನೆ ಪಕ್ಕದ ಕೋಣೆಯಲ್ಲೇ ಇರೋದು. ಬೆಳೆಗೆ ಮುಂಚೆ ಬ್ಲೀಚಿಂಗ್ ಪೌಡರ್, ಸುಣ್ಣ ಎಲ್ಲ ಹಾಕುತ್ತೇವೆ, ಕಾಲಲ್ಲಿ ಅಂಟಿಕೊಂಡು ಮನೆಯೊಳಗೂ ಬರುತ್ತೆ. ಅದಕ್ಕೆ ಹಗಲೆಲ್ಲ ಜೋಲಿ, ಇಲ್ಲ ಯಾರದ್ದಾದರೂ ಸೊಂಟ.

ಅಂಗನವಾಡಿ ಟೀಚರ್ (ಶಿರಾ ಕಡೆ)

ಜೋಲಿಯಲ್ಲಿ ಮಲಗಿದ ಮಗು ಎಲ್ಲಿಗೆ ಅಂತ ಅಂಬೆಗಾಲಿಡುತ್ತೆ ಹೇಳು? ಹುಳುಮನೆಯಿಂದ ದೂರದ ಮೂಲೆ ಒಂದನ್ನು ಚೆನ್ನಾಗಿ ಒರೆಸಿ ದಪ್ಪ ಚಾಪೆ ಹಾಸು. ಬೆಳಿಗ್ಗೆ, ಸಂಜೆ ಬೋರಲು ಬಿಡು. ಎದುರಿಗೆ ಸ್ಟೀಲ್ ಲೋಟ ಇಡು. ಎರಡು ನಿಮಿಷಕ್ಕೆ ಅತ್ತರೆ ಎತ್ತಿಕೋ, ಮತ್ತೆ ಬಿಡು. ದಿನಾ ಒಂದೊಂದು ನಿಮಿಷ ಜಾಸ್ತಿ ಆಗುತ್ತೆ. ಮಗು ಹತ್ತಿರ ಹೋಗುವವರು ಕಾಲು ತೊಳೆದು ಹೋಗಲಿ.

ಊಟಕ್ಕೆ ಬರೋಣ. ಅವಳ ಹೊಟ್ಟೆ ಅವಳ ಮುಷ್ಟಿಯಷ್ಟೇ ಅಂದುಕೋ. ಅದಕ್ಕೆ ನಾಲ್ಕು ಸಲ ನೀರು ತುಂಬಿದರೆ ಎದೆಹಾಲಿಗೂ ಜಾಗ ಇರಲ್ಲ. ಬಾಟಲಿ ಇವತ್ತೇ ಬಿಡಿಸಿ. ಬಟ್ಟಲು, ಚಮಚ ಸಾಕು. ಚಮಚ ಬಗ್ಗಿಸಿದರೆ ಸರಿ ಅಲ್ಲೇ ಅಂಟಿಕೊಂಡಿರಬೇಕು, ಸುರಿದು ಹೋಗಬಾರದು. ಅದೇ ಅಳತೆ. ಮೇಲೆ ಒಂದು ಚಮಚ ತುಪ್ಪವೋ ಎಣ್ಣೆಯೋ ಹಾಕಿ. ಬರೀ ರಾಗಿ ಬೇಡ. ಬೇಳೆ ಜೊತೆ ಅನ್ನ ನುಣ್ಣಗೆ ಮಿದ್ದು ಕೊಡಿ, ಬೆಂದ ಸೊಪ್ಪು, ಬಾಳೆಹಣ್ಣು, ನೀವು ತಿನ್ನುವವರಾದರೆ ಬೇಯಿಸಿದ ಮೊಟ್ಟೆ. ದಿನಕ್ಕೆ ಮೂರು ಊಟ, ನಡುವೆ ಒಂದೆರಡು ಸಲ ಸಣ್ಣದು. ಎದೆಹಾಲು ಬಿಡಬೇಡ. ಜೇನು ಮಾತ್ರ ಒಂದು ವರ್ಷ ಆಗುವವರೆಗೆ ನಾಲಿಗೆಗೂ ಸವರಬೇಡಿ. ನಿಮ್ಮೂರ ಅಂಗನವಾಡಿಯಲ್ಲಿ ಪುಷ್ಟಿ ಪ್ಯಾಕೆಟ್ ಕೊಡುತ್ತಾರಲ್ಲ, ಅದನ್ನೂ ಗಟ್ಟಿಯಾಗಿ ಮಾಡಿ ಕೊಡು. ಹಸುವಿಗೆ ಹಾಕಬೇಡ. ಹಾಕುವವರನ್ನು ನಾನು ನೋಡಿದ್ದೇನೆ.

ಅತ್ತೆಗೆ ಬಯ್ಯಬೇಡ. ಪಕ್ಕದಲ್ಲಿ ಕೂತು ನೀನು ತಿನ್ನಿಸು, ಅವರು ನೋಡಲಿ. ಮಗು ನೆಟ್ಟಗೆ ಕೂತು, ನುಣ್ಣಗೆ ಮಿದ್ದದ್ದನ್ನು ಚಮಚದಲ್ಲಿ ನಿಧಾನ ತಿಂದರೆ ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಕಡಿಮೆ. ಜೋಲಿಯಲ್ಲಿ ಮಲಗಿಸಿ ಬಾಟಲಿ ಬಾಯಿಗಿಡೋದೇ ಅದಕ್ಕಿಂತ ಅಪಾಯ.

ಒಂಬತ್ತು ತಿಂಗಳ ಚುಚ್ಚುಮದ್ದು ಬಾಕಿ ಇರಬೇಕಲ್ಲ, ದಡಾರ-ರುಬೆಲ್ಲಾದ್ದು? ಅದಕ್ಕೆ ಹೋದ ದಿನವೇ ಡಾಕ್ಟರಿಗೆ ತೂಕದ ಗೆರೆ ತೋರಿಸು. ಬಾಯಲ್ಲಿ ಹೇಳಬೇಡ, ಕಾರ್ಡ್ ಬಿಚ್ಚಿ ಮುಂದಿಡು. ರಕ್ತ ನೋಡಲು ಕೇಳು. ತಿಂಗಳು ತುಂಬದೆ ಹುಟ್ಟಿದ ಮಕ್ಕಳು ತಾಯಿಯಿಂದ ತರುವ ಕಬ್ಬಿಣದ ಗಂಟು ಚಿಕ್ಕದು, ಬೇಗ ಖಾಲಿಯಾಗುತ್ತೆ. ಮೂತ್ರದ ಸೋಂಕಿದ್ದರೂ ತೂಕ ನಿಲ್ಲುತ್ತೆ, ಅದನ್ನೂ ಅವರೇ ನೋಡಲಿ.

ಶೆಟ್ಟಿಹಳ್ಳಿ ಗೇಟ್ (ತುಮಕೂರು)

ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಐದು ವಾರದ ಲೆಕ್ಕ ಹಿಡಿದ ಖುಷಿಯಲ್ಲಿ ತೂಕವನ್ನು ನೋಡಲೇ ಇಲ್ಲ. ಮಕ್ಕಳ ಉತ್ತರಪತ್ರಿಕೆ ತಿದ್ದುವಾಗಲೂ ಹೀಗೇ ಮಾಡ್ತೀನೇನೋ.

ಸೊಪ್ಪಿನಮನೆ

ಐದು ವಾರ ಆಯಿತು, ಹೇಳಿ ಹೋಗೋಣ ಅಂತ ಬಂದೆ.

ಚುಚ್ಚುಮದ್ದಿನ ದಿನ ತಾಲ್ಲೂಕು ಆಸ್ಪತ್ರೆಗೆ ಹೋಗಿ ಕಾರ್ಡ್ ಮುಂದಿಟ್ಟೆ. ಡಾಕ್ಟರಮ್ಮ ಗೆರೆ ನೋಡಿ, ಮಾತಾಡದೆ ರಕ್ತ, ಮೂತ್ರ ಎರಡಕ್ಕೂ ಬರೆದರು. ಮೂತ್ರ ಸರಿ ಇದೆ. ರಕ್ತ (ಹಿಮೋಗ್ಲೋಬಿನ್) 9.2 ಬಂತು, 11 ಇರಬೇಕಂತೆ. ಕಬ್ಬಿಣದ ಡ್ರಾಪ್ಸ್ ಕೊಟ್ಟಿದ್ದಾರೆ. ಮೂರನೇ ದಿನ ಕಕ್ಕ ಕಪ್ಪಗಾಯಿತು ಅಂತ ಅತ್ತೆ ಗಾಬರಿಯಾಗಿ ದೃಷ್ಟಿ ತೆಗೆದರು. ಡ್ರಾಪ್ಸ್‌ನಿಂದ ಹಾಗಾಗುತ್ತೆ ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರು, ನಾನು ಮನೆಯಲ್ಲಿ ಹೇಳೋದು ಮರೆತಿದ್ದೆ.

ಬಾಟಲಿಯನ್ನು ಅತ್ತೆಯೇ ತಿಪ್ಪೆಗೆ ಎಸೆದರು. ಮೊದಲ ವಾರ ಗಟ್ಟಿ ಸರಿಯನ್ನು ಥೂ ಥೂ ಅಂತ ಉಗಿದು ನನ್ನ ಮುಖಕ್ಕೇ ಬಣ್ಣ ಬಳಿದಳು. ಈಗ ಬಟ್ಟಲ ಸದ್ದು ಕೇಳಿದರೆ ಬಾಯಿ ತೆರೆಯುತ್ತಾಳೆ. ಅಂಬೆಗಾಲು ಇನ್ನೂ ಇಲ್ಲ. ಕೂತಲ್ಲಿಂದಲೇ ಒಂದು ಕಾಲು ಮಡಿಸಿ, ಕುಂಡಿ ಎಳೆದುಕೊಂಡು ಚಾಪೆ ದಾಟುತ್ತಾಳೆ. ಮೊನ್ನೆ ಹೊಸಲವರೆಗೆ ಹೋಗಿ, ಅಲ್ಲಿ ಒಣಗಲು ಇಟ್ಟಿದ್ದ ಚಂದ್ರಿಕೆಯ ಅಂಚು ಹಿಡಿದು ಅಲ್ಲಾಡಿಸುತ್ತಾ ಕೂತಿದ್ದಳು. ನಾದಿನಿಗೆ ವಿಡಿಯೊ ಕಳಿಸಿದೆ.

ನಿನ್ನೆ ಅಂಗನವಾಡಿಯಲ್ಲಿ ತೂಕ: 7.5.

ಅಂಗನವಾಡಿ ಟೀಚರ್ (ಶಿರಾ ಕಡೆ)

ಗೆರೆ ಎದ್ದಿದೆ. ಮುಂದಿನ ತಿಂಗಳೂ ಅದೇ ತಕ್ಕಡಿಯಲ್ಲಿ ತೂಗು. ಬಟ್ಟೆ, ಗೆಜ್ಜೆ ಬಿಚ್ಚಿಯೇ ತೂಗಿದ್ದು ತಾನೇ?

ಸೊಪ್ಪಿನಮನೆ

ಬಟ್ಟೆ ಬಿಚ್ಚಿದೆ, ಗೆಜ್ಜೆ ಬಿಚ್ಚಿದೆ ಟೀಚರ್. ಬೆಳ್ಳಿ ಉಡುದಾರ ಬಿಚ್ಚೋಕೆ ಮಾತ್ರ ಅತ್ತೆ ಬಿಡಲಿಲ್ಲ.